ಆರನೇ ನಂಬರಿನ ಬಾಗಿಲು

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಮಿಕ್ಕಿದ್ದು ಆಮೇಲೆ. ನಿನ್ನೆ ನನ್ನ ಮೊಮ್ಮಗಳು ಮನೆಗೆ ಬಂದಳು. ಕಲ್ಯಾಣದುರ್ಗದಲ್ಲಿ ಹುಟ್ಟಿ, ಅಲ್ಲೇ ಇನ್ನೊಬ್ಬ ಅಜ್ಜಿಯ ಮಡಿಲಲ್ಲಿ ಮೂರು ತಿಂಗಳು ಬೆಳೆದು, ನಿನ್ನೆ ಹನ್ನೊಂದು ಗಂಟೆಗೆ ಹಿಂದೂಪುರದ ನಮ್ಮ ಗಲ್ಲಿಯಲ್ಲಿ ಕಾರಿನಿಂದ ಇಳಿದಳು. ಆರತಿ ತಟ್ಟೆ ಹಿಡಿದು ನಿಂತಿದ್ದ ನಾನು ಕೂಸಿನ ಮುಖ ನೋಡಲು ಬಗ್ಗಿದೆ, ಕೆಂಪು ನೀರು ಅರ್ಧ ನನ್ನ ಸೀರೆಯ ಮೇಲೇ ಚೆಲ್ಲಿತು. ತೊಳೆದರೂ ಕಲೆ ಹೋಗಿಲ್ಲ. ಹೋಗುವುದೂ ಬೇಡ. ಈ ಸೀರೆಯನ್ನು ಇನ್ನು ಮೇಲೆ ಹಬ್ಬಕ್ಕೇ ಉಡುತ್ತೇನೆ.

ಇನ್ನೊಂದು ಸುದ್ದಿಯೂ ಇದೆ. ನಮ್ಮ ಬಚ್ಚಲ ಬಾಗಿಲು ಈಗ ಮುಚ್ಚುತ್ತದೆ.

ಇವೆರಡೂ ಬೇರೆ ಬೇರೆ ಸುದ್ದಿ ಎಂದು ನಿಮಗೆ ಅನ್ನಿಸಬಹುದು. ಅಲ್ಲವೇ ಅಲ್ಲ. ಬಾಗಿಲು ಮುಚ್ಚಿದ್ದರಿಂದಲೇ ಮಗು ಬಂದದ್ದು. ಅದು ಹೇಗೆ ಎಂದು ಹೇಳಬೇಕಾದರೆ ನನ್ನ ಪಕ್ಕದಲ್ಲಿ ಬಿದ್ದಿರುವ ಈ ಕೊಡತಿಯಿಂದ ಶುರು ಮಾಡಬೇಕು. ಕೊಡತಿ ಅಂದರೆ ಮರದ ಸುತ್ತಿಗೆ. ಇದಕ್ಕೆ ಈಗ ತಲೆ ಇದೆ, ಹಿಡಿ ಇಲ್ಲ.

ಹುಣಸೆ ಕಾಲದಲ್ಲಿ ನಮ್ಮ ಗಲ್ಲಿಗೆ ಬಂದು ನೋಡಿ. ಪ್ರತಿ ಮನೆಯ ಮುಂದೂ ಹೆಂಗಸರು ಗೋಣಿ ಹಾಸಿಕೊಂಡು ಕೂತು ಕೊಡತಿಯಿಂದ ಹುಣಸೆಕಾಯಿ ಬಡಿಯುತ್ತಿರುತ್ತಾರೆ. ಓಡು ಒಂದು ಕಡೆ, ನಾರು ಒಂದು ಕಡೆ, ಬೀಜ ಒಂದು ಕಡೆ, ಹಣ್ಣು ಬುಟ್ಟಿಗೆ. ಮಂಡಿಯಿಂದ ಲಗೇಜ್ ಆಟೊ ಬಂದು ಹಾರನ್ ಹೊಡೆಯುತ್ತದೆ. ಆಗ ಬಾಗಿಲಲ್ಲಿ ನಿಂತಿದ್ದವರಿಗೆ ಮೂಟೆ. ನಿಂತಿಲ್ಲದಿದ್ದರೆ ಆ ಮೂಟೆ ಪಕ್ಕದ ಮನೆಗೆ ಹೋಗುತ್ತದೆ; ನಮ್ಮ ವಾರದ ಕೆಲಸವೂ ಅದರ ಹಿಂದೆಯೇ ಹೋಗುತ್ತದೆ. ಮದುವೆಯಾಗಿ ಬಂದಾಗಿನಿಂದ ಆ ಹಾರನ್ನು ಕೇಳಿ ಕೇಳಿ ನನ್ನ ಕಿವಿಗೆ ಅದೊಂದು ರೋಗ ಹತ್ತಿದೆ. ಸಂತೆಯಲ್ಲಿರಲಿ, ಆಸ್ಪತ್ರೆಯಲ್ಲಿರಲಿ, ಹಾರನ್ ಕೇಳಿದರೆ ಕಾಲು ತಾನಾಗಿಯೇ ಬಾಗಿಲ ಕಡೆ ಓಡುತ್ತದೆ. ಈ ರೋಗವೇ ಎಲ್ಲ ಅನಾಹುತಕ್ಕೂ ಮೂಲ.

ಬಾಗಿಲಿನ ವಿಷಯಕ್ಕೆ ಬರುತ್ತೇನೆ. ಮನೆ ಕಟ್ಟಿಸುವಾಗ ಬಚ್ಚಲಿಗೆ ಬರುವ ಹೊತ್ತಿಗೆ ಕೈಯಲ್ಲಿದ್ದದ್ದೆಲ್ಲ ಮುಗಿದಿತ್ತು. ನಮ್ಮ ಯಜಮಾನರು ಹಳೇ ಸಾಮಾನಿನವನ ಹತ್ತಿರ ಹೋಗಿ, ಯಾವುದೋ ಲಾಡ್ಜ್ ಕೆಡವಿದಾಗ ಬಂದ ಬಾಗಿಲನ್ನು ಹೆಗಲ ಮೇಲೆ ಹೊತ್ತು ತಂದರು. ಅದರ ಮೇಲೆ ಬಿಳೀ ಬಣ್ಣದಲ್ಲಿ ದೊಡ್ಡದಾಗಿ ಆರು ಎಂದು ಬರೆದಿತ್ತು. "ತೇಗ ಕಣೇ, ಮುಟ್ಟಿ ನೋಡು" ಎಂದರು. ಮುಟ್ಟಿ ನೋಡಿದೆ. ಮದುವೆಯಾದ ಮೇಲೆ ಗಂಡ ತೇಗ ಎಂದರೆ ತೇಗ. ಮೊದಲನೇ ಮಳೆಗಾಲಕ್ಕೆ ಅದು ಹಪ್ಪಳದ ಹಾಗೆ ಪದರ ಪದರ ಎದ್ದಾಗ ಇಬ್ಬರೂ ಆ ಮಾತು ಎತ್ತಲಿಲ್ಲ. ಮನೆಗೆ ಬಂದ ನೆಂಟರು ಮಾತ್ರ, "ಒಂದರಿಂದ ಐದ್ರವರ್ಗೂ ಎಲ್ಲಿ ಕಟ್ಸಿದ್ದೀರ?" ಎಂದು ಕೇಳುತ್ತಿದ್ದರು. ಯಜಮಾನರು ತೀರಿಕೊಂಡು ಆರು ವರ್ಷವಾಯಿತು. ಆ ಆರನ್ನು ಅಳಿಸಲು ನನಗೆ ಮನಸ್ಸು ಬಂದಿಲ್ಲ.

ಬಾಗಿಲು ಒಳಗಡೆಗೆ ತೆರೆಯುತ್ತದೆ. ಎರಡು ವರ್ಷದಿಂದ ಅದು ಒಂದು ಮಗ್ಗುಲಿಗೆ ಜೋತು ಬಿದ್ದು, ಚಿಲಕ ಒಂದು ಕಡೆ, ಚಿಲಕದ ತೂತು ಒಂದು ಕಡೆ. ತಾನಾಗಿಯೇ ಒಳಕ್ಕೆ ವಾಲಿಕೊಂಡು ಹೋಗುತ್ತದೆ. ಹೊರಗಿನ ಹಿಡಿಕೆಗೆ ಒಂದು ಹತ್ತಿ ಹಗ್ಗ ಕಟ್ಟಿದ್ದೆವು. ಒಬ್ಬರು ಸ್ನಾನಕ್ಕೆ ಹೋದರೆ ಇನ್ನೊಬ್ಬರು ಹೊರಗೆ ಹಗ್ಗ ಎಳೆದು ಹಿಡಿದುಕೊಂಡು ಕೂರಬೇಕು. ನಾನು, ನನ್ನ ಮಗ ನಾಗರಾಜ, ಸೊಸೆ ರೇಣುಕ, ಮೂರೇ ಜನ. ಹಾಗೇ ನಡೆಯುತ್ತಿತ್ತು. ಹಗ್ಗ ಹಿಡಿದು ಕೂತಾಗಲೇ ನಾನೂ ಸೊಸೆಯೂ ಮನಸ್ಸು ಬಿಚ್ಚಿ ಮಾತಾಡಿದ್ದು. ಮುಖ ಕಾಣಿಸದಿದ್ದರೆ ಅತ್ತೆ ಸೊಸೆಗೆ ಮಾತು ಚೆನ್ನಾಗಿ ಬರುತ್ತದೆ.

ರೇಣುಕಳ ಸೀಮಂತಕ್ಕೆ ಕಲ್ಯಾಣದುರ್ಗದಿಂದ ಬೀಗಿತ್ತಿ ಗಂಗಮ್ಮ ಬಂದರು. ಅಲ್ಲಿನ ಬಸ್ ಸ್ಟ್ಯಾಂಡಿನ ಹತ್ತಿರ ಬೆಳಗಿನ ಹೊತ್ತು ಇಡ್ಲಿ, ಮಂಡಕ್ಕಿಯ ಉಗ್ಗಾಣಿ ಮಾಡಿ ಮಾರುವ ಗಟ್ಟಿ ಹೆಂಗಸು. ನಾವು ಒಬ್ಬರನ್ನೊಬ್ಬರು ವದಿನಾ, ಅಂದರೆ ಅತ್ತಿಗೆ, ಎಂದೇ ಕರೆಯುವುದು. ಅವರದೊಂದು ಪದ್ಧತಿ ಇದೆ. ಪ್ರೀತಿ ಬಂದರೆ ಕನ್ನಡದಲ್ಲಿ ಮಾತಾಡುತ್ತಾರೆ, ಕೋಪ ಬಂದರೆ ತೆಲುಗಿಗೆ ಹೋಗುತ್ತಾರೆ. ಆವತ್ತು ಬೆಳಿಗ್ಗೆ ಸ್ನಾನಕ್ಕೆ ಹೋಗುವಾಗ ಕನ್ನಡದಲ್ಲೇ ಹೋದರು.

"ಹಗ್ಗ ಗಟ್ಟಿಗೆ ಹಿಡ್ಕ ವದಿನಾ. ಹಿತ್ಲಲ್ಲಿ ಅಡ್ಗೆಯವ್ನು ಅವ್ನೆ."

"ನಾನಿಲ್ವಾ? ನೀನು ನಿಧಾನಕ್ಕೆ ತಲೆ ತೊಳ್ಕೊ" ಎಂದೆ.

ಅವರು ತಲೆಗೆ ಸೀಗೆಪುಡಿ ಹಚ್ಚಿದ್ದರು. ಗಲ್ಲಿಯ ತುದಿಯಲ್ಲಿ ಹಾರನ್ ಆಯಿತು. ನಾನು ಹಗ್ಗ ಬಿಟ್ಟದ್ದು ನನಗೆ ಗೊತ್ತೇ ಇಲ್ಲ. ಮುಂಬಾಗಿಲಲ್ಲಿ ನಿಂತು ಆಟೊದವನಿಗೆ, "ಇಲ್ಲಿ, ಇಲ್ಲಿ ಎರಡು ಮೂಟೆ ಇಳ್ಸು" ಎಂದು ಕೈ ಬೀಸುತ್ತಿರುವಾಗ ಹಿತ್ತಲಿನಿಂದ ತೆಲುಗು ಕೇಳಿಸಿತು. ಬಾಗಿಲು ಹಾರು ಹೊಡೆದಿತ್ತು. ಲಂಗವನ್ನು ಎದೆಗೆ ಕಟ್ಟಿಕೊಂಡಿದ್ದರು, ಪುಣ್ಯ. ಅಡುಗೆಯವನು ಪಾಪ ಒಳ್ಳೆಯವನು. ಸೌಟು ಹಿಡಿದು ಕಾಂಪೌಂಡ್ ಗೋಡೆ ಕಡೆ ತಿರುಗಿ, ಬರೀ ಗಾಳಿಯನ್ನೇ ತಿರುವುತ್ತಾ ನಿಂತಿದ್ದನಂತೆ.

ನಿಮಗೆ ನಿಜ ಹೇಳಬೇಕು, ಈ ಬುದ್ಧಿ ನನಗೆ ಹಿಂದೂಪುರದಲ್ಲಿ ಬಂದದ್ದಲ್ಲ. ನಾನು ಹುಟ್ಟಿದ್ದು ಬ್ರಹ್ಮಸಮುದ್ರದ ಕಡೆಯ ಹಳ್ಳಿಯಲ್ಲಿ, ಕಂಬಳಿ ನೇಯುವ ಮನೆಯಲ್ಲಿ. ಅಲ್ಲಿ ಬಚ್ಚಲೂ ಇರಲಿಲ್ಲ, ಬಾಗಿಲೂ ಇರಲಿಲ್ಲ. ಎರಡು ಗೂಟಕ್ಕೆ ಒಂದು ಕಂಬಳಿ ಇಳಿಬಿಟ್ಟರೆ ಅದೇ ಬಚ್ಚಲು. ಹುಣಸೆ ಬೀಜದ ಅಂಟು ಬಳಿದು ಒಣಗಿಸಿದ ಹೊಸ ಕಂಬಳಿ ಹಲಗೆಯ ಹಾಗೆ ಸೆಟೆದು ನಿಲ್ಲುತ್ತದೆ, ಗಾಳಿಗೂ ಅಲ್ಲಾಡುವುದಿಲ್ಲ. ಅವ್ವ ಸ್ನಾನಕ್ಕೆ ನಿಂತಾಗ ಕಂಬಳಿಯ ಮುಂದೆ ಕಾವಲು ಕೂರುವುದು ನನ್ನ ಕೆಲಸ. ಕೂರುತ್ತಿದ್ದೆ. ಆದರೆ ಕಲ್ಯಾಣದುರ್ಗದ ಬಸ್ಸು ಬರುವ ಸದ್ದು ಕೇಳಿದರೆ ಎದ್ದು ಓಡುತ್ತಿದ್ದೆ. ಬಸ್ಸಿನಲ್ಲಿ ನಮ್ಮವರು ಯಾರೂ ಬರುತ್ತಿರಲಿಲ್ಲ, ನಾನು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಸುಮ್ಮನೆ ನೋಡಬೇಕು. ಅವ್ವ ಒಳಗಿಂದ, "ಇದ್ದೀಯೇನೇ?" ಎಂದು ಕೂಗುವಳು. ಮೇಕೆ ಉತ್ತರ ಕೊಡುತ್ತಿತ್ತು.

ಗಂಗಮ್ಮ ಮಗಳನ್ನು ಹೆರಿಗೆಗೆ ಕರೆದುಕೊಂಡು ಹೊರಡುವಾಗ ಹೊಸಿಲ ಮೇಲೆ ನಿಂತು ತೆಲುಗಿನಲ್ಲಿ ಹೇಳಿದರು. ಕನ್ನಡದಲ್ಲಿ ಹೇಳಿದರೆ ಇಷ್ಟು: ಬಾಣಂತಿ, ಕೂಸು, ದಿನಾ ಬಿಸಿನೀರು, ಗಾಳಿ ತಾಗಬಾರದು, ಈ ಬಚ್ಚಲ ಬಾಗಿಲು ಮುಚ್ಚಿ ಚಿಲಕ ಬೀಳುವವರೆಗೂ ನನ್ನ ಮಗಳನ್ನೂ ಕೂಸನ್ನೂ ಕಳಿಸುವುದಿಲ್ಲ. ನಮ್ಮಲ್ಲಿ ಬಾಣಂತಿಯನ್ನು ಮೂರು ತಿಂಗಳಿಗೋ ಐದಕ್ಕೋ ಕಳಿಸುವುದು ವಾಡಿಕೆ. ನಾಲ್ಕಕ್ಕೆ ಕಳಿಸುವ ಮಾತೇ ಇಲ್ಲ. ಮೂರು ತಪ್ಪಿದರೆ ಐದು. ಐದು ತಿಂಗಳು ಅಂದರೆ ಕೂಸು ಮಗುಚಿಕೊಳ್ಳುವುದು, ಕೇಕೆ ಹಾಕುವುದು ಎಲ್ಲ ಕಲ್ಯಾಣದುರ್ಗದಲ್ಲೇ ಆಗಿಹೋಗುತ್ತದೆ. ನನ್ನ ಪಾಲಿಗೆ ಏನು ಉಳಿಯುತ್ತದೆ?

ಸರಿ, ರಿಪೇರಿಗೆ ಇಳಿದೆವು. ಪಟ್ಟಣದಲ್ಲಿ ಹೊಸ ಮನೆ ಬೇಕಾದರೆ ಕಟ್ಟಿಬಿಡಬಹುದು, ಒಂದು ಬಾಗಿಲು ಸರಿಮಾಡಿಸುವುದು ಕಷ್ಟ. ನಾಗರಾಜನಿಗೆ ಫ್ಯಾಕ್ಟರಿಯಲ್ಲಿ ಶಿಫ್ಟು. ಅವನಿಗೆ ರಜೆ ಇದ್ದ ದಿನ ಕೆಲಸದವರು ಬರುವುದಿಲ್ಲ. ಅವರು ಬಂದ ದಿನ ಅವನು ಇರುವುದಿಲ್ಲ. ಒಂದು ದಿನ ಗಾರೆ ಮೇಸ್ತ್ರಿ ಬಂದ. ಗೋಡೆಗೆ ಕಿವಿಕೊಟ್ಟು ತಟ್ಟಿ ನೋಡಿ, "ಬಾಗ್ಲು ಚೆನ್ನಾಗೈತೆ ಕಣಮ್ಮ. ಗೋಡೇನೇ ವಾಲ್ಬುಟ್ಟೈತೆ. ಒಡ್ದು ಕಟ್ಬೇಕು" ಎಂದ. ಅವನು ಹೋದ ಮೇಲೆ ಪ್ಲಂಬರ್ ಬಂದ. "ಗೋಡೆ ಗುಂಡ್ಕಲ್ಲಿದ್ದಂಗೈತೆ. ನೆಲ ಕುಂತೈತೆ. ಟೈಲ್ಸು ಅಷ್ಟೂ ಕೀಳ್ಬೇಕು." ಬಾಗಿಲಿನ ಅಂಗಡಿಯವನು, "ಗೋಡೆ ನೆಲ ಯಾಕೆ ಮುಟ್ತೀರಮ್ಮ, ಈ ಬಾಗ್ಲು ಬಿಸಾಕಿ, ಪ್ಲಾಸ್ಟಿಕ್‌ದು ಹಾಕ್ಕೊಡ್ತೀನಿ" ಎಂದು ಅಳತೆ ತೆಗೆದುಕೊಂಡು ಹೋದ. ವಾರ ಬಿಟ್ಟು ಬಂದು ಮತ್ತೆ ಅಳತೆ ತೆಗೆದ. ಎರಡು ಸಲದ ಅಳತೆಗೂ ನಾಲ್ಕು ಬೆರಳು ವ್ಯತ್ಯಾಸ ಬಂತು. "ಬಾಗ್ಲು ಬೆಳ್ದೈತೇನೋ" ಎಂದು ತಲೆ ಕೆರೆದುಕೊಂಡು ಹೋದವನು ಮತ್ತೆ ಬರಲಿಲ್ಲ. ಅವನು ಬರದೆ ಇದ್ದದ್ದಕ್ಕೆ ನನಗೆ ಒಳಗೊಳಗೇ ಸಮಾಧಾನ. ಯಜಮಾನರು ಹೆಗಲ ಮೇಲೆ ತಂದ ಬಾಗಿಲನ್ನು ಗುಜರಿಗೆ ಹಾಕುವುದು ಹೇಗೆ?

ಬಡಗಿ ಈರಾಚಾರಿ ಒಬ್ಬರೇ ಉಳಿದರು. ಕೈ ಬಹಳ ಒಳ್ಳೆಯದು. ಆದರೆ ಫೋನು ಮಾಡಿದರೆ ಒಂದೇ ಮಾತು: "ರೇಪು ವಸ್ತಾನಮ್ಮಾ." ನಾಳೆ ಬರುತ್ತೇನೆ ಎಂದು. ಎರಡು ತಿಂಗಳು ನಾಳೆಯೇ ಆಯಿತು.

ಈ ಮಧ್ಯೆ ಗಂಗಮ್ಮ ದಿನಾ ವಿಡಿಯೋ ಕಾಲ್ ಮಾಡಿ ಕೂಸನ್ನು ತೋರಿಸುತ್ತಿದ್ದರು. ನಾನು ನೋಡಿ ತೃಪ್ತಿಯಾಗುವ ಮೊದಲೇ, "ಈಗ ನೀನು ಬಾಗ್ಲು ತೋರ್ಸು" ಎನ್ನುತ್ತಿದ್ದರು. ಒಂದು ದಿನ ತಡೆಯಲಾರದೆ ನಾನೊಂದು ಕಳ್ಳ ಕೆಲಸ ಮಾಡಿದೆ. ಪಕ್ಕದ ಮನೆಯ ಮಾಬುನ್ನಿಯನ್ನು ಬಚ್ಚಲೊಳಗೆ ನಿಲ್ಲಿಸಿ, ಒಳಗಿಂದ ಬಾಗಿಲು ಒತ್ತಿಕೊಂಡು ಉಸಿರಾಡದೆ ಇರು ಎಂದೆ. ಹೊರಗಿಂದ ಫೋನು ಹಿಡಿದು, "ನೋಡು ವದಿನಾ, ಹೆಂಗೆ ಮುಚ್ಕಂಡೈತೆ" ಎಂದೆ.

ಗಂಗಮ್ಮ ಸ್ವಲ್ಪ ಹೊತ್ತು ನೋಡಿದರು. "ಚೆನ್ನಾಗೈತೆ. ಬಾಗ್ಲಿಗೆ ಕಾಲ್ಚೈನು ಯಾವಾಗ ಹಾಕ್ಸಿದೆ?"

ಬಾಗಿಲಿನ ಕೆಳಮೂಲೆ ನೀರಿಗೆ ಕೊಳೆತು ತೂತಾಗಿತ್ತು. ಅದರಲ್ಲಿ ಮಾಬುನ್ನಿಯ ಪಾದ, ಹಬ್ಬಕ್ಕೆ ಕೊಂಡ ಬೆಳ್ಳಿ ಚೈನಿನ ಸಮೇತ ಕಾಣಿಸುತ್ತಿತ್ತು.

"ಇನ್ಮೇಲೆ ಫೋನು ನಂಬಲ್ಲ. ನಾನೇ ಬತ್ತೀನಿ. ನಾನೇ ಸ್ನಾನ ಮಾಡಿ ನೋಡ್ತೀನಿ. ಚಿಲ್ಕ ಬಿದ್ರೆ ಕೂಸು ನಿನ್ನ ಮನೇಲಿ ಇರ್ತೈತೆ. ಬೀಳ್ಲಿಲ್ವಾ, ಅದೇ ಕಾರಲ್ಲಿ ವಾಪಸ್ಸು."

ಮೂರು ತಿಂಗಳು ತುಂಬಲು ಇನ್ನು ಒಂದೇ ವಾರ ಇತ್ತು. ಆಗ ನನಗೆ ಅವ್ವನ ಕಂಬಳಿ ನೆನಪಾಯಿತು. ಹುಣಸೆ ಬೀಜದ ಅಂಟು ಉಣ್ಣೆಯನ್ನೇ ಹಲಗೆ ಮಾಡುವುದಾದರೆ, ಪದರ ಎದ್ದ ಹಲಗೆಯನ್ನು ಮತ್ತೆ ಹಲಗೆ ಮಾಡಲಾರದೇ? ಮನೆಯಲ್ಲಿ ಬೀಜಕ್ಕೇನು ಬರ. ಹುರಿದು, ಸಿಪ್ಪೆ ತೆಗೆದು, ಬೀಸಿ, ಒಂದು ಬೋಸಿ ತುಂಬ ಅಂಟು ಕುದಿಸಿದೆ. ಪದರಗಳ ನಡುವೆ ತುಂಬಿದೆ. ಮಿಕ್ಕಿದ್ದನ್ನು ಚೌಕಟ್ಟಿಗೂ ಬಳಿದೆ. ಆಮೇಲೆ ಕೊಡತಿ ಹಿಡಿದು ಒಳಗೆ ಹೋಗಿ ನಿಂತು, ಬಾಗಿಲನ್ನು ಒಳಗಿಂದ ಬಡಿದೂ ಬಡಿದೂ ಚೌಕಟ್ಟಿಗೆ ಕೂರಿಸಿದೆ. ಮುಚ್ಚಿಕೊಂಡಿತು. ಎರಡು ವರ್ಷದಲ್ಲಿ ಮೊದಲನೇ ಸಲ. ನನಗೆ ಆದ ಸಂತೋಷ ಹೇಳಲಾರೆ. ಒಣಗಲಿ ಎಂದು ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತೆ.

ಮುಕ್ಕಾಲು ಗಂಟೆ ಬಿಟ್ಟು ಎಳೆದೆ. ಬರಲಿಲ್ಲ. ಜೋರಾಗಿ ಎಳೆದೆ, ಹಿಡಿಕೆ ಕೈಗೆ ಬಂತು. ಕೊಡತಿಯ ಹಿಡಿಯನ್ನು ಸಂದಿಗೆ ತೂರಿಸಿ ಮೀಟಿದೆ. ಹಿಡಿ ಉದ್ದಕ್ಕೆ ಸೀಳಿತು. ಅಷ್ಟರಲ್ಲಿ ಕರೆಂಟೂ ಹೋಯಿತು. ಮಗ ಶಿಫ್ಟಿನಲ್ಲಿ, ಫೋನು ಅಡುಗೆಮನೆಯಲ್ಲಿ, ಮಾಬುನ್ನಿ ಸಂತೆಯಲ್ಲಿ. ಆರನೇ ನಂಬರಿನ ರೂಮಿನಲ್ಲಿ ನಾನೊಬ್ಬಳೇ.

ಕತ್ತಲಲ್ಲಿ ಬೇರೆ ಕೆಲಸವಿಲ್ಲದೆ ಬಾಗಿಲನ್ನೇ ನೋಡುತ್ತಾ ಕೂತೆ. ಆಗ ಕಂಡಿತು. ಕೆಳಮೂಲೆಯ ತೂತು ಬಿಟ್ಟರೆ ಬಾಗಿಲಿನ ಸುತ್ತ ಎಲ್ಲೂ ಬೆಳಕಿಲ್ಲ, ಒಂದೇ ಜಾಗದಲ್ಲಿದೆ. ಚಿಲಕದ ಕಡೆಯಲ್ಲ, ಎದುರು ಕಡೆ, ಮೇಲಿನ ಕೀಲಿನ ಹತ್ತಿರ ಬೆಣೆಯಂಥ ಬೆಳಕು. ಕೀಲಿನ ಸ್ಕ್ರೂಗಳು ಚೌಕಟ್ಟಿನಿಂದ ಅರ್ಧ ಹೊರಗೆ ಬಂದು ನಿಂತಿವೆ. ನಮ್ಮಪ್ಪನ ಮಗ್ಗದಲ್ಲಿ ನೆಯ್ಗೆ ಬಲಕ್ಕೆ ಎಳೆದರೆ ಅಪ್ಪ ಎಡಗಡೆಯ ಗೂಟ ನೋಡುತ್ತಿದ್ದ. ಗೂಟ ಸಡಿಲವಾಗಿದ್ದರೆ ಕಿತ್ತು, ತೂತಿಗೆ ಹೊಸ ಹುಣಸೆಮರದ ಚಕ್ಕೆ ಬಡಿದು ಕೂರಿಸುತ್ತಿದ್ದ. ಮೇಸ್ತ್ರಿ, ಪ್ಲಂಬರು, ಅಂಗಡಿಯವನು, ನಾನು, ಎಲ್ಲರೂ ಎರಡು ವರ್ಷದಿಂದ ಚಿಲಕದ ಕಡೆಯೇ ನೋಡಿದ್ದೆವು. ಗೋಡೆ ಸರಿ ಇತ್ತು, ನೆಲ ಸರಿ ಇತ್ತು. ಪಾಪ, ಯಜಮಾನರ ಬಾಗಿಲೂ ಹೆಚ್ಚುಕಮ್ಮಿ ಸರಿಯೇ ಇತ್ತು.

ಮಾಬುನ್ನಿ ಸಂತೆಯಿಂದ ಬಂದು ನನ್ನ ಕೂಗು ಕೇಳಿ, ತರಕಾರಿ ಚೀಲ ಕೆಳಗಿಟ್ಟು, ಹೊರಗಿಂದ ಭುಜ ಕೊಟ್ಟು ತಳ್ಳಿದಳು. ಬಾಗಿಲು ಬಿಚ್ಚಿತು. "ಏನ್ ಲಕ್ಷ್ಮಕ್ಕ, ಮೊನ್ನೆ ನನ್ನ ನಿಲ್ಸಿದ್ದೆ, ಇವತ್ತು ನೀನೇ ನಿಂತ್ಕಂಡ್ಯಾ?" ಎಂದಳು. ನಾನು ಕೂದಲಿಗೆಲ್ಲ ಅಂಟು ಮೆತ್ತಿಕೊಂಡು ನಗುತ್ತಿದ್ದೆ. ತಲೆ ಕೆಟ್ಟಿದೆ ಎಂದುಕೊಂಡಳೋ ಏನೋ.

ಮಾರನೇ ದಿನ ಬೆಳಿಗ್ಗೆ ಆರಕ್ಕೇ ಅರ್ಧ ಮೂಟೆ ಹುಣಸೆಹಣ್ಣು ಹೊತ್ತುಕೊಂಡು ಈರಾಚಾರಿಯ ಮನೆಗೆ ಹೋದೆ. ಜಗಲಿಯ ಮೇಲೆ ಗೋಣಿ ಹಾಸಿ ಬೀಜ ಬಿಡಿಸುತ್ತಾ ಕೂತೆ. ಒಳಗಿಂದ ಅವರ ಹೆಂಡತಿ ಬಂದು ನೋಡಿ, ಏನೂ ಕೇಳದೆ ತಾನೂ ಕೂತು ಬಿಡಿಸತೊಡಗಿದಳು. ಹಿಂದೂಪುರದ ಹೆಂಗಸಿಗೆ ಹುಣಸೆಹಣ್ಣು ಕಂಡರೆ ಕೈ ಸುಮ್ಮನಿರುವುದಿಲ್ಲ. ಈರಾಚಾರಿ ಹಲ್ಲುಜ್ಜುತ್ತಾ ಹೊರಗೆ ಬಂದರು.

"ಏನಮ್ಮ ಇದು? ರೇಪು ಬತ್ತೀನಿ ಅಂದಿದ್ನಲ್ಲ."

"ಗೊತ್ತು ಕಣಪ್ಪ. ಅದಕ್ಕೇ ಕೆಲ್ಸ ಇಲ್ಲಿಗೇ ತಂದೆ. ರೇಪು ಬರೋವರ್ಗೂ ಇಲ್ಲೇ ಇರ್ತೀನಿ."

"ದೊಡ್ಡ ಬಿಲ್ಡಿಂಗ್ ಕೆಲ್ಸ ಒಪ್ಕಂಡಿದ್ದೀನಮ್ಮ. ಒಂದು ಬಚ್ಲು ಬಾಗ್ಲಿಗೆ ಅರ್ಧ ದಿನ ಹಾಳಾಯ್ತೈತೆ."

"ಅರ್ಧ ದಿನ ಬ್ಯಾಡ. ನಾಲ್ಕು ಗೂಟದ ಕೆಲ್ಸ" ಎಂದು ಸೀಳಿದ ಹಿಡಿಯನ್ನು ಅವರ ಕೈಗೆ ಕೊಟ್ಟೆ. ನಲವತ್ತು ವರ್ಷ ನನ್ನ ಕೈಯಲ್ಲಿ ಸವೆದು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದ ಹುಣಸೆಮರ. ಅದನ್ನು ತಿರುಗಿಸಿ ನೋಡಿದರು, ಉಗುರಿನಿಂದ ಗೀರಿ ನೋಡಿದರು. ಬೆಳಕು ಎಲ್ಲಿ ಕಂಡಿತೆಂದು ನಾನು ಹೇಳಿದೆ. ಅವರು ಬಾಯಿ ಮುಕ್ಕಳಿಸಿ ಬಂದು, "ಇದನ್ನ ನೀನು ಫೋನಲ್ಲಿ ಹೇಳ್ಬಾರ್ದಾಗಿತ್ತಾ?" ಎಂದರು. ಹೆಂಡತಿ, "ನೀನು ಹೇಳಾಕ್ ಬಿಡ್ತೀಯಾ? ರೇಪು ಅಂದು ಇಟ್ಬುಡ್ತೀಯ" ಎಂದಳು.

ಒಂಬತ್ತು ಗಂಟೆಗೆ ನಮ್ಮ ಮನೆಯಲ್ಲಿದ್ದರು. ಕೊಡತಿಯ ಹಿಡಿಯನ್ನು ಸಣ್ಣ ಗೂಟಗಳಾಗಿ ಕೆತ್ತಿ, ಹಳೇ ಸ್ಕ್ರೂ ತೂತುಗಳಿಗೆ ಬಡಿದು, ಅವುಗಳ ಮೇಲೆ ಹೊಸ ಸ್ಕ್ರೂ ತಿರುಗಿಸಿದರು. ಕೊಳೆತ ಮೂಲೆಗೆ ತಗಡು ಹೊಡೆದರು. ಗೂಟಕ್ಕೆ ಹಚ್ಚಲು ಡಬ್ಬಿಯ ಗೋಂದು ತೆಗೆದವರು, ಏನನ್ನಿಸಿತೋ, "ಬ್ಯಾಡ, ನಿನ್ನ ಅಂಟೇ ತಾರಮ್ಮ" ಎಂದರು. ಬಾಗಿಲು ಎರಡು ಬೆರಳು ಮೇಲೆದ್ದು ನಿಂತಿತು. ಒಂದೇ ಬೆರಳಿನಿಂದ ದೂಕಿದೆ. ಚಿಲಕ ಟಕ್ಕೆಂದು ಬಿತ್ತು. ನಾನು ಊಟದ ಹೊತ್ತಿನವರೆಗೂ ಹಾಕಿದೆ, ತೆಗೆದೆ, ಹಾಕಿದೆ.

ನಿನ್ನೆ ಕಾರಿನಿಂದ ಇಳಿದ ಗಂಗಮ್ಮ ಚಪ್ಪಲಿ ಬಿಟ್ಟವರೇ ಕೂಸನ್ನು ನನ್ನ ಮಡಿಲಿಗೆ ಹಾಕಿ, "ಇದು ಇನ್ನೂ ನಿನ್ದಲ್ಲ. ಹಿಡ್ಕೊಂಡಿರು ಅಷ್ಟೆ" ಎಂದು ಟವೆಲ್ ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದರು. ಟಕ್ ಎಂದಿತು. ನಾನು ಕೂಸಿನ ಮುಖ ನೋಡಲೋ ಬಾಗಿಲು ನೋಡಲೋ ತಿಳಿಯದೆ ಕೂತೆ. ರೇಣುಕ ನನ್ನ ಪಕ್ಕ ಕೂತು, "ಚಿಲ್ಕ ಬಿತ್ತಲ್ಲ ಅತ್ತೆ, ಇನ್ನೇನು?" ಎಂದಳು. ನೀರಿನ ಸದ್ದು ಬಂತು, ನಿಂತಿತು. ಹತ್ತು ನಿಮಿಷ ಆಯಿತು. ಇಪ್ಪತ್ತಾಯಿತು. ಒಳಗಿಂದ ಸದ್ದೇ ಇಲ್ಲ. ನಾಗರಾಜ ನನ್ನ ಕಡೆ ನೋಡಿದ. ಮತ್ತೆ ಅಂಟಿಕೊಂಡಿತೇ?

"ವದಿನಾ, ಇದ್ದೀಯಾ?" ಎಂದು ಕೂಗಿದೆ.

"ಇದ್ದೀನಿ ಕಣಮ್ಮ" ಎಂದು ಒಳಗಿಂದ ಕನ್ನಡದಲ್ಲಿ ಬಂತು. "ಕೂತಿದ್ದೀನಿ. ಮೂರು ತಿಂಗ್ಳಾಯ್ತು, ಒಂದಿನಾನೂ ನೆಮ್ಮದಿಯಾಗಿ ಸ್ನಾನ ಮಾಡಿಲ್ಲ. ಯಾರೂ ಕರೀಬ್ಯಾಡ್ರಿ."

ಸಂಜೆ ಅಡುಗೆಮನೆಯನ್ನು ಅವರೇ ಹಿಡಿದುಕೊಂಡರು. ಓಳಿಗೆ, ಚಿತ್ರಾನ್ನ, ನನಗೆ ಇಷ್ಟ ಎಂದು ಉಗ್ಗಾಣಿ, ರೇಣುಕಳಿಗೆ ಬೇರೆ ಬೆಳ್ಳುಳ್ಳಿ ಸಾರು. ಮಾಬುನ್ನಿಯನ್ನೂ ಕರೆದೆವು, ಬಾಗಿಲಿನಲ್ಲಿ ಅವಳದೂ ಪಾಲಿದೆ. ನಡುಮನೆಯಲ್ಲಿ ಚಾಪೆ ಹಾಸಿ ಸಾಲಾಗಿ ಕೂತೆವು. ಮೇಲಿನ ಕೊಂಡಿಗೆ ನನ್ನ ಹಳೇ ಸೀರೆಯ ಜೋಳಿಗೆ ಕಟ್ಟಿ ಕೂಸನ್ನು ಮಲಗಿಸಿದ್ದೆವು. ತೂಗಲು ಅದಕ್ಕೆ ಕಟ್ಟಿದ್ದು, ಬಚ್ಚಲ ಬಾಗಿಲಿನಿಂದ ಬಿಚ್ಚಿದ ಹತ್ತಿ ಹಗ್ಗ. ಬಲಗೈಯಲ್ಲಿ ಊಟ ಮಾಡುತ್ತಾ ಎಡಗೈಯಲ್ಲಿ ಹಗ್ಗ ಎಳೆಯುತ್ತಾ ಕೂತಿದ್ದೆ. ನಿಲ್ಲಿಸಿದರೆ ಕೂಸು ಮುಖ ಸಿಂಡರಿಸುತ್ತಿತ್ತು.

ಎರಡನೇ ಓಳಿಗೆ ಬಡಿಸುವ ಹೊತ್ತಿಗೆ ಗಲ್ಲಿಯ ತುದಿಯಲ್ಲಿ ಲಗೇಜ್ ಆಟೊದ ಹಾರನ್ ಆಯಿತು.

ಎಲ್ಲರ ಕೈಯೂ ಎಲೆಯ ಮೇಲೆಯೇ ನಿಂತಿತು. ಎಲ್ಲರೂ ನನ್ನ ಎಡಗೈಯನ್ನೇ ನೋಡಿದರು. ಗಂಗಮ್ಮ ತುಪ್ಪದ ಗಿಂಡಿ ಹಿಡಿದು ನಿಂತಿದ್ದರು.

"ಹೋಗು ವದಿನಾ, ಮೂಟೆ ಬಂದೈತೆ" ಎಂದರು.

ಕಾಲು ಸ್ವಲ್ಪ ಅಲ್ಲಾಡಿತು, ಸುಳ್ಳೇಕೆ ಹೇಳಲಿ. ಕೈ ಮಾತ್ರ ಹಗ್ಗದ ಮೇಲೇ ಇತ್ತು.

"ಪಕ್ಕದ್ಮನೆಗೆ ಹೋಗ್ಲಿ ಬಿಡು" ಎಂದೆ. "ತುಪ್ಪ ಹಾಕು."